ದಾನಿಗೆ ಸಂಸ್ಥೆ ಸಲ್ಲಿಸಬೇಕಾದದ್ದು

ಶಾಲೆಗೋ ವಿದ್ಯಾರ್ಥಿನಿಲಯಕ್ಕೋ ಅನಾಥಾಲಯಕ್ಕೋ ಒಬ್ಬರು ತಮ್ಮದೊಂದನ್ನು ಕೊಟ್ಟಾಗ ಪಡೆದ ಸಂಸ್ಥೆ ಕೃತಜ್ಞತೆ ಹೇಳಬೇಕೇ ಎಂದು ಕೇಳಿದರೆ ಹೌದೆಂಬ ಉತ್ತರ ತಟ್ಟನೆ ಬರುತ್ತದೆ. ತೊಡಕು ಶುರುವಾಗುವುದು ಆಮೇಲಿನ ಪ್ರಶ್ನೆಗಳಲ್ಲಿ. ಹೇಳಬೇಕಾದವರು ಯಾರು: ಆಡಳಿತ ಮಂಡಳಿಯೋ, ಮುಖ್ಯೋಪಾಧ್ಯಾಯರೋ, ಊಟದ ತಟ್ಟೆ ಹಿಡಿದು ಕೂತ ಮಗುವೋ? ವೇದಿಕೆಯ ಮೇಲೆ ಹೇಳಬೇಕೋ, ಕಾಗದ ಬರೆದು ತಿಳಿಸಬೇಕೋ? ಶಾಲು, ಹಾರ, ಹಣ್ಣಿನ ಬುಟ್ಟಿಗೆ ಆ ಋಣ ತೀರಿತೋ, ಇಲ್ಲ ಕೊಟ್ಟವರು ತೀರಿಕೊಂಡ ಮೇಲೂ ಉಳಿಯುವಂಥದೋ? ಇವುಗಳಿಗೆ ಒಂದೊಂದು ಸಂಸ್ಥೆ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಹಲವು ಕಡೆ ಅದು ಯೋಚಿಸಿ ಮಾಡಿದ್ದಲ್ಲ, ಹಿಂದಿನ ವರ್ಷ ಮಾಡಿದ್ದನ್ನೇ ಈ ವರ್ಷವೂ ಮಾಡಿದ್ದು. ಕನ್ನಡ ನಾಡಿನಲ್ಲಾದರೋ ಕೊಡುಗೆಯನ್ನು ಬರೆದಿಟ್ಟ ದಾಖಲೆಗಳೇ ಒಂದೂವರೆ ಸಾವಿರ ವರ್ಷದಷ್ಟು ಹಿಂದಕ್ಕೆ ಹೋಗುತ್ತವೆ. ಆ ಅನುಭವವನ್ನು ಬಳಸಿಕೊಂಡು ಯೋಚಿಸಿದರೆ ಉತ್ತರಗಳು ಸ್ಪಷ್ಟವಾಗುತ್ತವೆ.

ಯಾವುದು ದಾನ, ಯಾವುದು ಅಲ್ಲ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 122ನೇ ಕಲಂ ದಾನಕ್ಕೆ ಮೂರು ಲಕ್ಷಣಗಳನ್ನು ಹೇಳುತ್ತದೆ. ಕೊಡುವವರು ಸ್ವಇಚ್ಛೆಯಿಂದ ಕೊಟ್ಟಿರಬೇಕು, ಅದಕ್ಕೆ ಪ್ರತಿಫಲ ಇರಬಾರದು, ಪಡೆಯುವವರು ಅದನ್ನು ಸ್ವೀಕರಿಸಿರಬೇಕು. ಮೊದಲ ಎರಡು ಲಕ್ಷಣಗಳನ್ನು ಹಿಡಿದು ನೋಡಿದರೆ ದಾನವೆಂಬ ಹೆಸರಿನಲ್ಲಿ ಓಡಾಡುವ ಎಷ್ಟೋ ಹಣ ಪಟ್ಟಿಯಿಂದ ಬಿದ್ದುಹೋಗುತ್ತದೆ. ಪ್ರವೇಶದ ಹೊತ್ತಿಗೆ ತಂದೆತಾಯಿಗಳಿಂದ ವಸೂಲಾಗುವ ಡೊನೇಷನ್ ದಾನವಲ್ಲ, ಸೀಟಿನ ಬೆಲೆ. ಇದನ್ನು ತಡೆಯಲೆಂದೇ ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ 1984ರಲ್ಲಿ ಬಂತು. 1992ರಲ್ಲಿ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥ ವಸೂಲಿಯನ್ನು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ಹೀಗೆ ತೆತ್ತವರ ಹೆಸರನ್ನು ಗೋಡೆಯ ಮೇಲೆ ದಾನಿಗಳೆಂದು ಬರೆಸುವುದು ಅವರಿಗೂ ಮರ್ಯಾದೆಯಲ್ಲ, ನಿಜವಾಗಿ ಕೊಟ್ಟವರಿಗೂ ಮರ್ಯಾದೆಯಲ್ಲ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯೆಂದು ಕೊಡುವ ಸಿಎಸ್‌ಆರ್ ಹಣ ದಾನ, ವಸೂಲಿ ಇವೆರಡರ ನಡುವೆ ನಿಲ್ಲುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಕೊಡಬೇಕೆಂಬುದು ಕಾನೂನಿನ ಕಟ್ಟು, ಯಾರಿಗೆ ಕೊಡಬೇಕೆಂಬುದು ಕಂಪನಿಯ ಆಯ್ಕೆ. ಆಯ್ಕೆಯ ಮಟ್ಟಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಊರಿನ ನಿವೃತ್ತ ಶಿಕ್ಷಕಿಯೊಬ್ಬರು ಪಿಂಚಣಿಯಲ್ಲಿ ಉಳಿಸಿ ಕೊಟ್ಟ ಹಣಕ್ಕೂ ಇದಕ್ಕೂ ಒಂದೇ ತೂಕದ ಮಾತು ಆಡುವುದು ಸರಿಯಲ್ಲ. ಶಾಲಾ ಸಮಾರಂಭಗಳಲ್ಲಿ ಈ ವ್ಯತ್ಯಾಸ ತಲೆಕೆಳಗಾಗುವುದೇ ಹೆಚ್ಚು. ಕಂಪನಿಯ ಅಧಿಕಾರಿಗೆ ವೇದಿಕೆಯ ನಡುವಿನ ಕುರ್ಚಿ, ಶಿಕ್ಷಕಿಗೆ ಪ್ರೇಕ್ಷಕರ ಸಾಲು.

ಕೃತಜ್ಞತೆಯೇ ಬೇಡವೆನ್ನುವ ವಾದವೂ ಇದೆ. ಅದರ ಹಿಂದೆ ದೊಡ್ಡ ಪರಂಪರೆಯೂ ಇದೆ. ಮರಳಿ ಉಪಕಾರ ಮಾಡಲಾಗದವರಿಗೆ, ಕೊಡುವುದು ಕರ್ತವ್ಯವೆಂದು ಕೊಟ್ಟದ್ದೇ ಸಾತ್ತ್ವಿಕ ದಾನ ಎಂದು ಭಗವದ್ಗೀತೆಯ 17ನೇ ಅಧ್ಯಾಯ ಹೇಳುತ್ತದೆ. ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದನ್ನು ರಾಜಸವೆಂದು ಕೆಳಗಿಡುತ್ತದೆ. ಕೊಟ್ಟದ್ದನ್ನು ಹೇಳಿಕೊಂಡು ತಿರುಗಿದರೆ ಅದರ ಫಲ ಅಳಿಯುತ್ತದೆಂಬುದು ಮನುಸ್ಮೃತಿಯ ಮಾತು. ಕೊಟ್ಟದ್ದನ್ನು ಎತ್ತಿ ಆಡಿ ಪಡೆದವರನ್ನು ನೋಯಿಸಿದರೆ ಆ ದಾನ ವ್ಯರ್ಥವೆಂದು ಕುರ್‌ಆನ್ ಎಚ್ಚರಿಸುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಯೇಸುವಿನ ಬೋಧೆ ಎಲ್ಲರಿಗೂ ಗೊತ್ತಿರುವಂಥದ್ದು. ಧರ್ಮಶಾಸ್ತ್ರದ ಪದ್ಧತಿಯಲ್ಲಂತೂ ದಾನದ ಜೊತೆಗೆ ದಕ್ಷಿಣೆಯನ್ನೂ ಕೊಟ್ಟು, ಸ್ವೀಕರಿಸಿದವರಿಗೆ ನಮಸ್ಕರಿಸುವವರು ಕೊಟ್ಟವರೇ. ಶರಣರು ದಾನದ ಜಾಗದಲ್ಲಿ ದಾಸೋಹವನ್ನು ಇಟ್ಟಾಗ ಕೊಡುವವನ ಅಹಂಕಾರಕ್ಕೆ ಇದ್ದ ಕೊನೆಯ ನೆಲೆಯನ್ನೂ ತೆಗೆದುಹಾಕಿದರು: ಕೊಡುವವನು ದಾಸ, ಪಡೆಯುವವನಲ್ಲಿ ಜಂಗಮವಿದೆ. ಇಂದಿಗೂ ಹಳ್ಳಿಗಳ ರೈತರು ಸಿದ್ಧಗಂಗೆಯಂಥ ಮಠಗಳಿಗೆ ಬೆಳೆದ ಧಾನ್ಯ, ತೆಂಗಿನಕಾಯಿ ಹೊತ್ತು ತಂದು ಒಪ್ಪಿಸಿ, ಪ್ರಸಾದ ಉಂಡು, ಹೆಸರು ಬರೆಸದೆ ಹೋಗುವುದುಂಟು.

ಈ ಬೋಧೆಗಳೆಲ್ಲ ಮಾತಾಡುತ್ತಿರುವುದು ಕೊಡುವವರೊಡನೆ ಎಂಬುದನ್ನು ಗಮನಿಸಬೇಕು. ಕೊಡುವವರು ಕೃತಜ್ಞತೆಯನ್ನು ಬಯಸಬಾರದು ಎಂದರೆ ಪಡೆದವರು ಅದನ್ನು ಸಲ್ಲಿಸಬೇಕಾಗಿಲ್ಲ ಎಂದಾಗುವುದಿಲ್ಲ. ಪಡೆದವರಿಗೆ ಇದೇ ಪರಂಪರೆ ಬೇರೆ ಮಾತು ಹೇಳಿದೆ. ಉಪಕಾರ ಮರೆತವನಿಗೆ ಪ್ರಾಯಶ್ಚಿತ್ತವೇ ಇಲ್ಲವೆನ್ನುವಷ್ಟು ಕಟುವಾಗಿ ಹೇಳಿದೆ. ಎರಡೂ ಹೊಣೆಗಳು ಬೇರೆಬೇರೆ ಹೆಗಲ ಮೇಲೆ ಇರುವಂಥವು. ಒಂದನ್ನು ತೋರಿಸಿ ಇನ್ನೊಂದರಿಂದ ಜಾರಿಕೊಳ್ಳುವಂತಿಲ್ಲ. ದಾನಿಗಳು ಹೆಸರು ಬಯಸಲಿಲ್ಲ, ಆದ್ದರಿಂದ ಪತ್ರ ಬರೆಯಲಿಲ್ಲ ಎನ್ನುವ ಸಂಸ್ಥೆ ದಾನಿಗಳ ದೊಡ್ಡತನವನ್ನು ತನ್ನ ಸೋಮಾರಿತನಕ್ಕೆ ನೆಪ ಮಾಡಿಕೊಳ್ಳುತ್ತಿದೆ.

ಪಡೆದವರ ಹೊಣೆ ಏನೆಂಬುದನ್ನು ಕನ್ನಡ ಶಾಸನಗಳಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ. ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಹಲ್ಮಿಡಿ ಶಾಸನವೇ ಒಂದು ಕೊಡುಗೆಯ ದಾಖಲೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಳ್ಳಿಗಳನ್ನು ಬಾಳ್ಗಳ್ಚಾಗಿ, ಅಂದರೆ ವೀರನಿಗೆ ಸಲ್ಲುವ ಕೊಡುಗೆಯಾಗಿ, ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಹೇಳಿ, ಅದನ್ನು ಅಳಿಸುವವನಿಗೆ ಮಹಾಪಾತಕ ತಟ್ಟುತ್ತದೆಂದು ಸಾರುತ್ತದೆ. ಮುಂದಿನ ಸಾವಿರ ವರ್ಷಗಳ ದಾನಶಾಸನಗಳಲ್ಲಿ ಇದೇ ಕ್ರಮ ಬೆಳೆದು ನಿಂತಿತು. ಕೊಟ್ಟವರ ವಂಶ, ಬಿರುದು, ಕೊಟ್ಟ ತಿಥಿ ಮೊದಲು ಬರುತ್ತವೆ. ಆಮೇಲೆ ಕೊಟ್ಟ ನೆಲದ ಎಲ್ಲೆ: ಮೂಡಲಿಗೆ ಯಾವ ಕೆರೆಯ ಕೋಡಿ, ತೆಂಕಲಿಗೆ ಯಾವ ಹುಣಸೆ ಮರ, ಪಡುವಲಿಗೆ ಯಾವ ಊರಿನ ದಾರಿ, ಬಡಗಲಿಗೆ ಯಾವ ಹಳ್ಳ ಎಂದು ನಾಲ್ಕು ದಿಕ್ಕಿನ ಗುರುತು. ಸಾಕ್ಷಿಗಳ ಹೆಸರು. ಕೊನೆಗೆ ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ಶಾಪ. ದಾನ ಕೊಡುವುದು, ಕೊಟ್ಟದ್ದನ್ನು ಪಾಲಿಸುವುದು ಈ ಎರಡರಲ್ಲಿ ಪಾಲಿಸುವುದೇ ಮೇಲೆಂಬ ಅರ್ಥದ ಶ್ಲೋಕ ಊರೂರ ಕಲ್ಲುಗಳಲ್ಲಿ ಮತ್ತೆಮತ್ತೆ ಬರುತ್ತದೆ. ಹೊಗಳಿಕೆ ಶಾಸನದ ಮುಖವಷ್ಟೇ, ಅದರ ಕೆಲಸ ಕಾವಲು. ಕೊಟ್ಟವರನ್ನು ಗೌರವಿಸುವುದೆಂದರೆ ಕೊಟ್ಟದ್ದು ಕೊಟ್ಟ ಉದ್ದೇಶಕ್ಕೇ ಉಳಿಯುವಂತೆ ನೋಡಿಕೊಳ್ಳುವುದು ಎಂಬ ತಿಳಿವಳಿಕೆ ಅಲ್ಲಿ ಗಟ್ಟಿಯಾಗಿದೆ. ಇಂದಿನ ಸಂಸ್ಥೆಗಳು ಶಾಸನಗಳಿಂದ ಹೊಗಳಿಕೆಯನ್ನು ಮಾತ್ರ ಉಳಿಸಿಕೊಂಡು ಎಲ್ಲೆಯ ಗುರುತನ್ನು ಬಿಟ್ಟುಕೊಟ್ಟಿವೆ.

ಶಾಲೆಯ ಮಟ್ಟಿಗೆ ನೋಡುವುದಾದರೆ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ಹತ್ತಿರದಿಂದ ಓದಬೇಕಾದದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಈ ದಾಖಲೆ ರಾಜನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯೊಂದರ ವಿವರ ಕೊಡುತ್ತದೆ. ಬೇರೆಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರ ವಾಸಕ್ಕೆ 27 ಮನೆಗಳು. ದೀಪದ ಎಣ್ಣೆಗೆಂದೇ 12 ನಿವರ್ತನ ಭೂಮಿ ಪ್ರತ್ಯೇಕ. ಮದುವೆ, ಉಪನಯನ, ಚೌಲಗಳು ನಡೆದಾಗ ಮನೆಯವರು ಶಾಲೆಗೆ ಇಂತಿಷ್ಟು ಸಲ್ಲಿಸಬೇಕೆಂಬ ಕಟ್ಟಳೆ. ದೊಡ್ಡ ದಾನಿ ಒಬ್ಬನೇ ಆದರೂ ನಡೆಸುವ ಹೊರೆಯಲ್ಲಿ ಊರಿಗೆಲ್ಲ ಪಾಲು. ದೀಪದ ಎಣ್ಣೆಗೆ ಬೇರೆ ಹೊಲವೆಂದರೆ ದೀಪದ ಹಣ ಊಟಕ್ಕೂ ಊಟದ ಹಣ ದೀಪಕ್ಕೂ ಕಲೆಯದಂತೆ ಮೊದಲೇ ಕಟ್ಟು ಮಾಡಿಟ್ಟರು ಎಂದರ್ಥ. ಈಗಿನ ಲೆಕ್ಕಪರಿಶೋಧಕರು ನಿರ್ದಿಷ್ಟ ಉದ್ದೇಶದ ನಿಧಿ ಎನ್ನುವುದು ಇದನ್ನೇ. ವಿಜ್ಞಾನ ಪ್ರಯೋಗಾಲಯಕ್ಕೆಂದು ಬಂದ ಹಣ ಕಾಂಪೌಂಡಿನ ಬಣ್ಣಕ್ಕೆ ಹೋದರೆ ವಂದನಾರ್ಪಣೆಯ ಯಾವ ಭಾಷಣವೂ ಅದನ್ನು ತುಂಬಿಕೊಡಲಾರದು.

ಇಪ್ಪತ್ತನೆಯ ಶತಮಾನದಲ್ಲಿ ಉತ್ತರ ಕರ್ನಾಟಕದ ಶಿಕ್ಷಣ ಸಂಸ್ಥೆಗಳು ಎದ್ದದ್ದು ಬಹುಮಟ್ಟಿಗೆ ದಾನದ ಮೇಲೆಯೇ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಅವರನ್ನು ಸಪ್ತರ್ಷಿಗಳೆಂದು ಕರೆಯುವುದು ವಾಡಿಕೆ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ಓದಿಗೆ ಬಿಟ್ಟಿದ್ದರು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಆರಂಭಿಸಿದ ಕಾಲೇಜು ಅವರ ಹೆಸರಿನಲ್ಲಿ ಲಿಂಗರಾಜ ಕಾಲೇಜಾಯಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ವಿಜ್ಞಾನ ಕಾಲೇಜು, ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಇದೇ ಸಾಲಿಗೆ ಸೇರಿದವು. ಜನ ಲಿಂಗರಾಜರನ್ನು ತ್ಯಾಗವೀರರೆಂದೂ ಭೂಮರಡ್ಡಿಯವರನ್ನು ದಾನವೀರ ಶಿರೋಮಣಿಯೆಂದೂ ಕರೆದರು. ಲಿಂಗರಾಜರ ಸಂಗತಿಯಲ್ಲಿ ಕೃತಜ್ಞತೆಯನ್ನು ಕೇಳುವುದಕ್ಕೆ ದಾನಿಯೇ ಇರಲಿಲ್ಲ. ಅವರ ಆಸ್ತಿಯ ಉತ್ಪನ್ನದಿಂದ ತಲೆಮಾರುಗಟ್ಟಲೆ ವಿದ್ಯಾರ್ಥಿವೇತನ ಸಂದಿತು. ಕಾಲೇಜಿನ ಹೆಸರಿಗಿಂತ ಆ ವಿದ್ಯಾರ್ಥಿವೇತನವೇ ಅವರಿಗೆ ಸಂದ ದೊಡ್ಡ ಗೌರವ. ಉದ್ದೇಶ ನಿಂತುಹೋಗಿ ಹೆಸರೊಂದೇ ಉಳಿದಿದ್ದರೆ ಅದು ಬರಿಯ ಬೋರ್ಡಾಗುತ್ತಿತ್ತು.

ಹೆಸರಿಡುವುದು ಕೃತಜ್ಞತೆಯ ಅತ್ಯಂತ ಭಾರವಾದ ರೂಪ, ಏಕೆಂದರೆ ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಜೆಮ್‌ಶೆಟ್‌ಜಿ ಟಾಟಾ ತಾವು ಕನಸು ಕಂಡ ವಿಜ್ಞಾನ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದಿದ್ದರು. ಅವರು ತೀರಿಕೊಂಡದ್ದು 1904ರಲ್ಲಿ; ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯ ಮೇಲೆ ಬೆಂಗಳೂರಿನಲ್ಲಿ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಕಾಗದದಲ್ಲಿ ಅದು ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನ ಜನಕ್ಕೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಬೇಡವೆಂದವರಿಗೆ ಊರೇ ಕೊಟ್ಟ ಹೆಸರು ಅದು. ನೆಲ ಕೊಟ್ಟ ಮೈಸೂರಿನ ಹೆಸರು ಆಡುಮಾತಿನಲ್ಲಿ ಸೇರದೇ ಹೋಯಿತೆಂಬುದನ್ನೂ ಇಲ್ಲಿ ನೆನೆಯಬೇಕು; ಜನರ ನೆನಪು ಎಲ್ಲ ದಾನಿಗಳನ್ನೂ ಸಮನಾಗಿ ಹಿಡಿದಿಡುವುದಿಲ್ಲ, ಸಂಸ್ಥೆಯ ದಾಖಲೆ ಮಾತ್ರ ಹಾಗೆ ಹಿಡಿದಿಡಬಲ್ಲದು. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಕೂಡಿಟ್ಟ ಹಣದಿಂದ ಹತ್ತಿರದ ಹರೇಕಳದ ನ್ಯೂಪಡ್ಪಿನಲ್ಲಿ ಶಾಲೆ ಎಬ್ಬಿಸಿದ ಹಾಜಬ್ಬನವರಿಗೂ ಇದೇ ಆಯಿತು. ಅದು ಸರ್ಕಾರಿ ಶಾಲೆ, ಜನರ ಬಾಯಲ್ಲಿ ಹಾಜಬ್ಬರ ಶಾಲೆ. ಪದ್ಮಶ್ರೀ ಬಂದದ್ದು ಆಮೇಲೆ.

ಹೆಸರನ್ನು ದುಡುಕಿ ಕೊಟ್ಟು ಪೇಚಾಡಿದ ಕತೆಗಳು ಹೊರದೇಶಗಳಲ್ಲಿ ಹಲವು. ನೋವುನಿವಾರಕ ಮಾತ್ರೆಗಳ ಚಟದಿಂದ ಅಮೆರಿಕದಲ್ಲಿ ಅಪಾರ ಸಾವುನೋವು ಉಂಟಾದಾಗ, ಅಂಥ ಮಾತ್ರೆ ತಯಾರಿಸಿದ ಕಂಪನಿಯ ಒಡೆತನದ ಸ್ಯಾಕ್ಲರ್ ಕುಟುಂಬದ ಹೆಸರನ್ನು ಪ್ಯಾರಿಸಿನ ಲೂವ್ರ್ 2019ರಲ್ಲೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2021ರಲ್ಲೂ ತಮ್ಮ ಗೋಡೆಗಳಿಂದ ತೆಗೆದವು. ನಮ್ಮ ಶಾಲೆಗಳಿಗೆ ಇದರಿಂದ ಸಿಗುವ ಪಾಠ ಸರಳ. ಕೊಠಡಿಗೆ ಹೆಸರಿಡುವುದಾದರೆ ಎಷ್ಟು ವರ್ಷ, ಕಟ್ಟಡ ಕೆಡವಿ ಕಟ್ಟಿದರೆ ಏನು, ಯಾವ ಸಂದರ್ಭದಲ್ಲಿ ಹೆಸರು ತೆಗೆಯಬಹುದು ಎಂಬುದನ್ನು ಕೊಡುಗೆ ಪಡೆಯುವ ದಿನವೇ ಬರೆದುಕೊಳ್ಳಬೇಕು.

ಕನ್ನಡ ಸಂಘಸಂಸ್ಥೆಗಳು ಕಂಡುಕೊಂಡ ಕೃತಜ್ಞತೆಯ ರೂಪಗಳಲ್ಲಿ ದತ್ತಿ ಎಲ್ಲಕ್ಕಿಂತ ಸೊಗಸಾದದ್ದು. ಒಂದು ಕುಟುಂಬ ತಂದೆಯ, ತಾಯಿಯ, ಗುರುವಿನ ಹೆಸರಿನಲ್ಲಿ ಮೂಲಧನವನ್ನು ಕೊಡುತ್ತದೆ. ಸಂಸ್ಥೆ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬರುವ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಬಹುಮಾನ ಇಲ್ಲವೇ ವಿದ್ಯಾರ್ಥಿವೇತನ ನಡೆಸುತ್ತದೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು, ಜಿಲ್ಲೆ ತಾಲ್ಲೂಕುಗಳ ಸಂಘಗಳು ಈ ಪದ್ಧತಿಯನ್ನು ಬೆಳೆಸಿವೆ. ಹಣದ ಮೊತ್ತ ಅಲ್ಲಿ ಹಿಂದೆ ಸರಿಯುತ್ತದೆ. ಹೆಸರೊಂದು ವಿದ್ಯೆಯ ಕೆಲಸಕ್ಕೆ ಅಂಟಿಕೊಂಡು ವರ್ಷಕ್ಕೊಮ್ಮೆ ಹತ್ತಾರು ಜನರ ಕಿವಿಗೆ ಬೀಳುತ್ತದೆ. ಆದರೆ ದತ್ತಿಯ ಸಂಕಟವೂ ಲೆಕ್ಕದಲ್ಲೇ ಇದೆ. ನಲವತ್ತು ವರ್ಷದ ಹಿಂದೆ ಹತ್ತು ಸಾವಿರ ರೂಪಾಯಿಯ ದತ್ತಿ ಇಟ್ಟರೆಂದುಕೊಳ್ಳೋಣ. ಶೇ 10ರ ಬಡ್ಡಿಯಲ್ಲಿ ವರ್ಷಕ್ಕೆ ಸಾವಿರ ರೂಪಾಯಿ. ಉಪನ್ಯಾಸಕರ ಸಂಭಾವನೆ, ಬಸ್ಸಿನ ಖರ್ಚು, ಆಹ್ವಾನ ಪತ್ರಿಕೆ, ಚಹಾ ಎಲ್ಲ ಆಗಿ ಮಿಗುತ್ತಿತ್ತು. ಈಗ ಶೇ 6.5ರಲ್ಲಿ 650 ರೂಪಾಯಿ. ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವುದಕ್ಕೂ ಅದು ಸಾಲದು. ಇಂಥ ದತ್ತಿಗಳನ್ನು ಏನು ಮಾಡುವುದೆಂಬುದು ಇಂದು ಸಂಸ್ಥೆಗಳ ಮುಂದಿರುವ ನಿಜವಾದ ಪ್ರಶ್ನೆ. ಸದ್ದಿಲ್ಲದೆ ಉಪನ್ಯಾಸ ನಿಲ್ಲಿಸಿ ಠೇವಣಿಯನ್ನು ಸಾಮಾನ್ಯ ನಿಧಿಗೆ ಸೇರಿಸಿಕೊಳ್ಳುವುದು ಮಾತ್ರ ಉತ್ತರವಲ್ಲ. ಶಾಸನದ ಕಾಲದವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೆಂಬುದು ಆ ಕಲ್ಲುಗಳ ಕೊನೆಯ ಸಾಲಿನಲ್ಲೇ ಇದೆ.

ಕೃತಜ್ಞತೆ ಹೇಳಬೇಕಾದವರು ಯಾರೆಂಬ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಹಳೆಯ ವಾರಾನ್ನದ ಪದ್ಧತಿಯಲ್ಲಿ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ. ಆ ಮನೆಗಳ ಉಪಕಾರ ದೊಡ್ಡದು. ಕನ್ನಡದ ಎಷ್ಟೋ ಹಿರಿಯರು ಆ ಅನ್ನದಲ್ಲೇ ಓದಿ ಮೇಲೆ ಬಂದರು. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ವಾರಾನ್ನದ ದಿನಗಳಿವೆ. ಆದರೆ ಹುಡುಗ ನಿತ್ಯವೂ ಕೊಡುವವರ ಕಣ್ಣೆದುರಿಗೇ ಉಣ್ಣಬೇಕಿತ್ತು. ನೀರು ಸೇದಿಕೊಟ್ಟು, ಅಂಗಡಿಗೆ ಹೋಗಿಬಂದು, ಮನೆಯವರ ಮುಖ ನೋಡಿಕೊಂಡು ಋಣ ತೀರಿಸಬೇಕಿತ್ತು. ಬರಬೇಡ ಎಂದ ದಿನ ಉಪವಾಸ. ವಿದ್ಯಾರ್ಥಿನಿಲಯಗಳು, ಮಠಗಳ ಪ್ರಸಾದ ನಿಲಯಗಳು ಹುಟ್ಟಿಕೊಂಡಾಗ ಅವು ಮಾಡಿದ ದೊಡ್ಡ ಉಪಕಾರವೆಂದರೆ ಕೊಡುವವರ ಮತ್ತು ಉಣ್ಣುವ ಮಗುವಿನ ನಡುವೆ ಒಂದು ಗೋಡೆ ಎಬ್ಬಿಸಿದ್ದು. ದಾನಿ ಸಂಸ್ಥೆಗೆ ಕೊಟ್ಟ, ಸಂಸ್ಥೆ ಮಗುವಿಗೆ ಬಡಿಸಿತು. ಮಗು ಯಾರ ಮನೆಯ ಮುಂದೆಯೂ ನಿಲ್ಲಬೇಕಾಗಲಿಲ್ಲ.

ಆ ಗೋಡೆಯನ್ನು ಇಂದು ಸಂಸ್ಥೆಗಳೇ ಒಡೆಯುತ್ತಿವೆ. ಸರ್ಕಾರಿ ಶಾಲೆಯೊಂದರಲ್ಲಿ ನೋಟ್‌ಬುಕ್ಕು, ಬ್ಯಾಗು ಹಂಚುವ ದಿನ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಹತ್ತು ಗಂಟೆಗೆ ಬರುತ್ತೇವೆಂದ ಅತಿಥಿಗಳು ಹನ್ನೆರಡಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಮಕ್ಕಳು ಅಂಗಳದಲ್ಲಿ ಸಾಲಾಗಿ ಕೂತಿರುತ್ತಾರೆ, ಪಾಠವಿಲ್ಲ. ಒಂದು ನೋಟ್‌ಬುಕ್ಕಿನ ಮೂಲೆಯನ್ನು ನಾಲ್ಕು ಜನ ದೊಡ್ಡವರು ಹಿಡಿದಿರುತ್ತಾರೆ, ಇನ್ನೊಂದು ಮೂಲೆಯನ್ನು ಮಗು. ಫೋಟೊ ಸರಿ ಬರಲಿಲ್ಲವೆಂದರೆ ಕೊಟ್ಟ ಪುಸ್ತಕವನ್ನು ವಾಪಸು ತೆಗೆದುಕೊಂಡು ಮತ್ತೊಮ್ಮೆ ಕೊಡುತ್ತಾರೆ. ಮಗು ನಗಬೇಕು, ಕೈ ಮುಗಿಯಬೇಕು, ಮೈಕಿನಲ್ಲಿ ಧನ್ಯವಾದ ಹೇಳಬೇಕು. ಇದು ಕೃತಜ್ಞತೆಯ ಶಿಕ್ಷಣವೆಂದು ಸಮರ್ಥಿಸುವವರಿದ್ದಾರೆ. ಆ ಹೊತ್ತಿಗೆ ಮಗು ಕಲಿಯುವುದು ಕೃತಜ್ಞತೆಯನ್ನಲ್ಲ. ತನ್ನ ಮನೆಯಲ್ಲಿ ಇಲ್ಲದಿರುವುದು ಊರಿಗೆಲ್ಲ ಗೊತ್ತಾಯಿತು ಎಂಬುದನ್ನು.

ಇನ್ನೂ ಒಂದು ಕಾರಣಕ್ಕೆ ಮಗುವನ್ನು ಈ ಕೆಲಸದಿಂದ ದೂರ ಇಡಬೇಕು. ಆರರಿಂದ ಹದಿನಾಲ್ಕು ವರ್ಷದವರೆಗಿನ ಶಿಕ್ಷಣ ಸಂವಿಧಾನದ 21ಎ ವಿಧಿಯಿಂದ, 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ ಮಗುವಿನ ಹಕ್ಕು. ಬೇಯಿಸಿದ ಮಧ್ಯಾಹ್ನದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಶುರುವಾದ ಯೋಜನೆಗೆ ಅಕ್ಷರ ದಾಸೋಹವೆಂಬ ಹೆಸರು. ದಾಸೋಹದಲ್ಲಿ ಉಣ್ಣುವವರು ತಲೆ ತಗ್ಗಿಸುವುದಿಲ್ಲ. ಸರ್ಕಾರ ಮಾಡಬೇಕಾದದ್ದನ್ನು ಮಾಡದೆ ಬಿಟ್ಟಾಗ ದಾನಿಯೊಬ್ಬರು ಆ ಕೊರತೆ ತುಂಬಿದರೆ ಕೃತಜ್ಞತೆ ಹೇಳಬೇಕಾದವರು ಶಾಲಾಭಿವೃದ್ಧಿ ಸಮಿತಿ, ಇಲಾಖೆ, ಊರು. ತನ್ನ ಹಕ್ಕಿನದನ್ನು ಪಡೆದ ಮಗುವಲ್ಲ.

ಅನಾಥಾಲಯಗಳ, ಬಾಲಮಂದಿರಗಳ ವಿಷಯದಲ್ಲಂತೂ ಇದು ಕಾನೂನಿನ ಪ್ರಶ್ನೆಯೂ ಹೌದು. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ಫೋಟೊ, ಶಾಲೆ, ಗುರುತು ಹಿಡಿಯಬಹುದಾದ ಯಾವ ವಿವರವನ್ನೂ ಮಾಧ್ಯಮಗಳಲ್ಲಿ ಪ್ರಕಟಿಸಬಾರದೆನ್ನುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹುಟ್ಟುಹಬ್ಬವನ್ನು ಅನಾಥ ಮಕ್ಕಳೊಡನೆ ಆಚರಿಸಿಕೊಂಡವರು ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಪತ್ರಿಕೆಗೆ, ವಾಟ್ಸ್‌ಆ್ಯಪಿಗೆ, ಫೇಸ್‌ಬುಕ್ಕಿಗೆ ಹಾಕುವಾಗ ಈ ಕಲಂ ನೆನಪಾಗುವುದಿಲ್ಲ. ಅದನ್ನು ನೆನಪಿಸಬೇಕಾದದ್ದು ಸಂಸ್ಥೆ. ದಾನಿ ಬೇಸರಪಟ್ಟು ಮುಂದಿನ ವರ್ಷ ಬಾರದೇ ಹೋದಾರೆಂಬ ಅಂಜಿಕೆಯಿಂದ ಬಾಯಿ ಮುಚ್ಚಿಕೊಂಡ ಸಂಸ್ಥೆ ತನ್ನ ಆಸರೆಯಲ್ಲಿರುವ ಮಕ್ಕಳನ್ನು ಬಿಟ್ಟುಕೊಟ್ಟಂತೆ. ದಾನಿಗಳ ಪರವಾಗಿ ಒಂದು ಮಾತು ಹೇಳಲೇಬೇಕು: ಫೋಟೊ ಬೇಡ, ಬದಲಿಗೆ ಹಣ ಯಾವುದಕ್ಕೆ ಖರ್ಚಾಯಿತೆಂದು ಪತ್ರ ಬರೆಯುತ್ತೇವೆ ಎಂದು ಮೊದಲೇ ವಿನಯದಿಂದ ತಿಳಿಸಿದರೆ ಒಪ್ಪದವರು ಕಡಿಮೆ.

ಹಾಗಾದರೆ ಸಂಸ್ಥೆ ಮಾಡಬೇಕಾದದ್ದೇನು? ಮೊದಲನೆಯದು ರಸೀದಿ. ಕಾನೂನು ಸ್ವೀಕಾರವಿಲ್ಲದೆ ದಾನವೇ ಪೂರ್ತಿಯಾಗುವುದಿಲ್ಲವೆನ್ನುವಾಗ ಸ್ವೀಕರಿಸಿದೆವೆಂದು ತಿಳಿಸುವುದೇ ಕೃತಜ್ಞತೆಯ ಮೊದಲ ಮೆಟ್ಟಿಲು. ಆದಾಯ ತೆರಿಗೆಯ 80ಜಿ ಎಂದೇ ರೂಢಿಯಾದ ರಿಯಾಯಿತಿ ದಾನಿಗೆ ಸಿಗಬೇಕಾದರೆ ಸಂಸ್ಥೆ ದಾನಿಗಳ ವಿವರವನ್ನು ತೆರಿಗೆ ಇಲಾಖೆಗೆ ಒಪ್ಪಿಸಿ ಪ್ರಮಾಣಪತ್ರ ಕೊಡಬೇಕು. 2021–22ನೇ ಸಾಲಿನ ದಾನಗಳಿಂದ ಈ ಕ್ರಮ ಬಂದಿದೆ. ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದರೆ ರಿಯಾಯಿತಿಯೇ ಇಲ್ಲ. ಕೊಡುವ ಮೊದಲು ಇದನ್ನು ತಿಳಿಸದೆ ಆಮೇಲೆ ಕೈಚೆಲ್ಲುವುದು ಕೊಟ್ಟವರಿಗೆ ಮಾಡಿದ ಅನ್ಯಾಯ. ಗುಪ್ತದಾನವನ್ನು ಬಯಸುವವರಿಗೂ ಒಂದು ಸಂಗತಿ ಹೇಳಬೇಕಾಗುತ್ತದೆ. ಕೊಟ್ಟವರ ಹೆಸರು, ವಿಳಾಸ ದಾಖಲೆಯಲ್ಲೇ ಇಲ್ಲದ ದಾನ ಒಂದು ಮಿತಿ ದಾಟಿದರೆ ಶಿಕ್ಷಣ ಸಂಸ್ಥೆಗಳು ಅದರ ಮೇಲೆ ಶೇ 30ರಷ್ಟು ತೆರಿಗೆ ತೆರಬೇಕು. ಆದ್ದರಿಂದ ಹೆಸರು ಲೆಕ್ಕದ ಪುಸ್ತಕದಲ್ಲಿರಲಿ, ಗೋಡೆಯ ಮೇಲೆ ಬೇಡ ಎನ್ನುವುದೇ ಇಂದಿನ ಗುಪ್ತದಾನ. ಹಾಗೆ ಕೇಳಿಕೊಂಡವರ ಹೆಸರನ್ನು ಸಂತೋಷದ ಭರದಲ್ಲಿ ಮೈಕಿನಲ್ಲಿ ಕೂಗುವುದು ಮಾತಿಗೆ ತಪ್ಪಿದಂತೆ.

ಎರಡನೆಯದು ಪತ್ರ, ಅದಕ್ಕಿಂತ ಹೆಚ್ಚಾಗಿ ವರ್ಷದ ಕೊನೆಯ ಎರಡನೆಯ ಪತ್ರ. ಮೊದಲ ಪತ್ರ ತಲುಪಿತೆನ್ನುತ್ತದೆ, ಎರಡನೆಯದು ಏನಾಯಿತೆನ್ನುತ್ತದೆ. ತಾವು ಕೊಟ್ಟ ಹಣದಲ್ಲಿ ಗ್ರಂಥಾಲಯಕ್ಕೆ ಬೀರು ಕೊಂಡೆವು, ಪುಸ್ತಕಗಳನ್ನು ಕೊಂಡೆವು, ಇಷ್ಟು ಉಳಿದಿದೆ, ಉಳಿದದ್ದನ್ನು ಬರುವ ಜೂನಿನಲ್ಲಿ ಬಳಸುತ್ತೇವೆ ಎಂಬ ನಾಲ್ಕು ಸಾಲು ಸಾಕು. ಮುದ್ರಿತ ಅಭಿನಂದನಾ ಪತ್ರದ ಚಿನ್ನದ ಅಂಚಿಗಿಂತ ಈ ನಾಲ್ಕು ಸಾಲಿಗೆ ಬೆಲೆ ಹೆಚ್ಚು. 2021ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಸೂಚನೆಯಂತೆ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹೂಗುಚ್ಛ, ಹಣ್ಣಿನ ಬುಟ್ಟಿ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂಬ ಸುತ್ತೋಲೆ ಹೊರಟಿತು. ದಾನದ ಹಣದಿಂದಲೇ ದಾನಿಗೆ ಮೈಸೂರು ಪೇಟ ತೊಡಿಸುವ ಸಂಸ್ಥೆಗಳು ಆ ಸುತ್ತೋಲೆಯನ್ನು ತಮಗೂ ಅನ್ವಯಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು, ಕೊಟ್ಟದ್ದನ್ನು ಸಂಸ್ಥೆಯ ಹೆಸರಿಗೆ ಭದ್ರ ಮಾಡಿಕೊಳ್ಳುವುದು. ಕರ್ನಾಟಕದ ಹಳ್ಳಿಗಳಲ್ಲಿ ಎಷ್ಟೋ ಸರ್ಕಾರಿ ಶಾಲೆಗಳು ನಿಂತಿರುವುದು ಊರಿನವರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ನೆಲದ ಮೇಲೆ. ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳ ಸಹಿಯಿರುವ, ನೋಂದಣಿಯಾದ ದಾನಪತ್ರ ಬೇಕು. ಅದಾಗದೆ, ಪಹಣಿಯಲ್ಲಿ ಹಳೆಯ ಮಾಲೀಕರ ಹೆಸರೇ ಮುಂದುವರಿದು, ಮೊಮ್ಮಕ್ಕಳ ಕಾಲಕ್ಕೆ ರಸ್ತೆ ಅಗಲವಾಗಿ ನೆಲದ ಬೆಲೆ ಏರಿದಾಗ ಶಾಲೆಯ ಆಟದ ಮೈದಾನಕ್ಕೆ ಬೇಲಿ ಬೀಳುತ್ತದೆ. ಅಜ್ಜನ ದೊಡ್ಡತನ ಕೋರ್ಟಿನಲ್ಲಿ ವಿವಾದವಾಗಿ ಮುಗಿಯುತ್ತದೆ. ದಾನಿ ಬದುಕಿರುವಾಗ ಅವರನ್ನು ಸನ್ಮಾನಿಸಿದ ಮುಖ್ಯೋಪಾಧ್ಯಾಯರು ಅದೇ ವಾರ ಅವರನ್ನು ಉಪನೋಂದಣಿ ಕಚೇರಿಗೂ ಕರೆದುಕೊಂಡು ಹೋಗಿದ್ದರೆ ಆ ಗೌರವ ಉಳಿಯುತ್ತಿತ್ತು. ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಎರಡು ಎಕರೆ ಹೊಲವನ್ನು ಊರಿನ ಶಾಲೆಗೆ ಕೊಟ್ಟರು, ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದರು. ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಇಂಥವರಿಗೆ ಊರು ಸಲ್ಲಿಸಬೇಕಾದದ್ದರಲ್ಲಿ ಆ ನೆಲ ಎಂದೆಂದಿಗೂ ಶಾಲೆಯದೇ ಆಗಿರುವಂತೆ ಕಾಗದ ಪತ್ರ ಸರಿ ಇಡುವುದು ಮೊದಲು ಬರುತ್ತದೆ.

ಧನ್ಯವಾದ ಹೇಳಿದರೆ ಮುಂದೆ ಇನ್ನಷ್ಟು ಹಣ ಬರುತ್ತದೆಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದ ಸಾರ್ವಜನಿಕ ಟಿ.ವಿ. ಕೇಂದ್ರಗಳೂ ಒಂದು ಸೇವಾಸಂಸ್ಥೆಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ದಾನಿಗಳ ನಡುವೆ ನಡೆದ ಪ್ರಯೋಗದಲ್ಲಿ ಕೆಲವರಿಗೆ ಫೋನು ಮಾಡಿ ಧನ್ಯವಾದ ಹೇಳಿದರು, ಕೆಲವರಿಗೆ ಹೇಳಲಿಲ್ಲ. ಆನ್ಯಾ ಸಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ 2023ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಮುಂದಿನ ಕೊಡುಗೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ದಾನ ಕೊಟ್ಟರೆ ನೆನಪಿನ ಕಾಣಿಕೆ ಕೊಡುತ್ತೇವೆಂದು ಮೊದಲೇ ಆಸೆ ತೋರಿಸಿದರೆ ಜನ ಕೊಡುವ ಮೊತ್ತ ಕಡಿಮೆಯಾಗುತ್ತದೆಂದು ಜಾರ್ಜ್ ನ್ಯೂಮನ್, ಜೆರೆಮಿ ಶೆನ್ 2012ರ ಅಧ್ಯಯನದಲ್ಲಿ ತೋರಿಸಿದರು. ಇದರಿಂದ ಕೃತಜ್ಞತೆ ವ್ಯರ್ಥವೆಂದು ತೀರ್ಮಾನಿಸುವವರು ಅದನ್ನು ಬಲೆಯಾಗಿ ಬಳಸಲು ಹೊರಟವರು. ಪಡೆದದ್ದನ್ನು ಪಡೆದೆವೆನ್ನುವುದು, ಲೆಕ್ಕ ಒಪ್ಪಿಸುವುದು ಹಣ ಬರಲಿ ಬಿಡಲಿ ಸಲ್ಲಬೇಕಾದ ನಡವಳಿಕೆ.

ಉಳಿದ ಪ್ರಶ್ನೆ, ನಡೆಸಲಾಗದೆ ಹೋದ ಕೊಡುಗೆಗಳದು. ಮುಲ್ಕಿ ಪರೀಕ್ಷೆಯಲ್ಲಿ ಮೊದಲು ಬಂದವರಿಗೆಂದು ಇಟ್ಟ ಬಹುಮಾನ ಇದ್ದರೆ, ಆ ಪರೀಕ್ಷೆಯೇ ಈಗಿಲ್ಲ. ಚಿನ್ನದ ಪದಕಕ್ಕೆಂದು ಇಟ್ಟ ಠೇವಣಿಯ ಬಡ್ಡಿಯಲ್ಲಿ ಇಂದು ಚಿನ್ನದ ಲೇಪವಷ್ಟೇ ಸಾಧ್ಯ. ಇಂಥಲ್ಲಿ ಸಂಸ್ಥೆ ಮೊದಲು ದಾನಿಯನ್ನು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಹುಡುಕಿ ಇದ್ದ ಸ್ಥಿತಿಯನ್ನು ಬರೆದು ತಿಳಿಸಬೇಕು. ಮೂಲಧನಕ್ಕೆ ಸೇರಿಸುವ ಮನಸ್ಸಿದ್ದರೆ ಅವರು ಸೇರಿಸುತ್ತಾರೆ. ಉದ್ದೇಶ ಬದಲಿಸಲು ಒಪ್ಪಿದರೆ ಆ ಒಪ್ಪಿಗೆ ಕಾಗದದ ಮೇಲಿರಬೇಕು. ಯಾರೂ ಸಿಗದಿದ್ದರೆ ಕಾರ್ಯಕಾರಿ ಸಮಿತಿಯ ಠರಾವಿನಲ್ಲಿ ಕಾರಣ ದಾಖಲಿಸಿ, ಒಂದೇ ಬಗೆಯ ಸಣ್ಣ ದತ್ತಿಗಳನ್ನು ಕೂಡಿಸಿ ಒಂದು ಉಪನ್ಯಾಸ ನಡೆಸಬಹುದು, ಆಹ್ವಾನ ಪತ್ರಿಕೆಯಲ್ಲಿ ಕೂಡಿಸಿದ ಎಲ್ಲ ಹೆಸರುಗಳನ್ನೂ ಅಚ್ಚು ಹಾಕಿಸಬಹುದು. ದೊಡ್ಡ ಸಾರ್ವಜನಿಕ ಟ್ರಸ್ಟಿನ ಮೂಲ ಉದ್ದೇಶವೇ ನಡೆಯದಂತಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯ ಮೂಲಕ್ಕೆ ಹತ್ತಿರವಾದ ಇನ್ನೊಂದು ಉದ್ದೇಶವನ್ನು ಗೊತ್ತುಮಾಡಬಲ್ಲದು. ಸಂಸ್ಥೆಯ ಹಳೆಯ ಬೀರುವಿನಲ್ಲಿರುವ ದತ್ತಿಪತ್ರಗಳನ್ನೆಲ್ಲ ತೆಗೆದು, ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ, ಯಾವುದರ ಠೇವಣಿ ಎಲ್ಲಿದೆ ಎಂಬ ಪಟ್ಟಿಯನ್ನು ವಾರ್ಷಿಕ ವರದಿಯ ಜೊತೆ ಸರ್ವಸದಸ್ಯರ ಸಭೆಯ ಮುಂದಿಡುವುದರಿಂದ ಈ ಕೆಲಸ ಶುರುವಾಗುತ್ತದೆ.